ಹದಿನೇಳರ ಹುಡುಗಿಗೆ ಅಪ್ಪ ಅಮ್ಮನ ಸಹಿ

(ಜರ್ಮನಿಯ ಸ್ಟುಟ್‌ಗಾರ್ಟ್‌ನ ಯುವಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿರುವ ಓದುಗರೊಬ್ಬರ ಪತ್ರ. ಜರ್ಮನಿ, ಸ್ಪೇನ್, ಹಂಗೆರಿಗಳ ಗೇ, ಲೆಸ್ಬಿಯನ್ ಮತ್ತು ಬೈಸೆಕ್ಷುಯಲ್ ಯುವಜನರನ್ನು ಬೇಸಿಗೆಯಲ್ಲಿ ಹತ್ತು ದಿನ ಸ್ಪೇನ್‌ನ ವಲೆನ್ಸಿಯಾದ ಹತ್ತಿರ ಸೇರಿಸಲು ಅವರ ಕೇಂದ್ರ ಎರಾಸ್ಮಸ್ ಪ್ಲಸ್ ಯುವ ವಿನಿಮಯಕ್ಕೆ, ಅಂದರೆ ಬೇರೆ ಬೇರೆ ದೇಶಗಳ ಯುವಜನ ಕೆಲವು ದಿನ ಒಟ್ಟಿಗಿರಲು ಯುರೋಪ್ ಒಕ್ಕೂಟ ಹಣ ಕೊಡುವ ಯೋಜನೆಗೆ, ಅರ್ಜಿ ಹಾಕಲಿದೆ. ಬರಬೇಕೆಂದಿರುವವರಲ್ಲಿ ಕನ್ನಡದ ಮನೆಯ ಹದಿನೇಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಪಾಸ್‌ಪೋರ್ಟ್ ಭಾರತದ್ದು. ಅವಳು ಲೆಸ್ಬಿಯನ್ ಎಂಬುದು ಮನೆಯಲ್ಲಿ ಗೊತ್ತಿಲ್ಲ. ಕರೆದೊಯ್ಯಬಹುದೆ, ಏನೇನು ಸಿದ್ಧಮಾಡಿಕೊಳ್ಳಬೇಕು ಎಂದು ಕೇಳಿದ್ದಾರೆ.)

ಕರೆದೊಯ್ಯಬಹುದು. ಆದರೆ ಹೆತ್ತವರ ಸಹಿ ಇಲ್ಲದೆ ಸಾಧ್ಯವಿಲ್ಲ. ಹದಿನೆಂಟು ತುಂಬದವರಿಗೆ ಪಾಲನೆಯ ಹಕ್ಕುಳ್ಳವರ ಒಪ್ಪಿಗೆ ಬೇಕು. ಆ ಹಕ್ಕು ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ ಇಬ್ಬರದೂ ಸಹಿ ಪಡೆಯಿರಿ. ಒಪ್ಪಿಗೆ ಪತ್ರದಲ್ಲಿ ದಿನಾಂಕ, ವಿಳಾಸ, ಜೊತೆಗಿರುವ ಹಿರಿಯರ ಹೆಸರು, ಕಾರ್ಯಕ್ರಮದ ವಿಷಯ ಎಲ್ಲವೂ ನಿಜವಾಗಿಯೇ ಇರಲಿ. "ಭಾಷಾ ಶಿಬಿರ" ಎಂದು ಬರೆದು ಸಹಿ ಹಾಕಿಸಿಕೊಂಡರೆ, ಅದು ಬಯಲಾದ ದಿನ ಪೆಟ್ಟು ಬೀಳುವುದು ಆ ಹುಡುಗಿಗೆ. ಹಾಗೆಂದು ಅವಳ ವಿಷಯ ಹೇಳುವ ಹಕ್ಕೂ ನಿಮಗಿಲ್ಲ, ಅದು ಅವಳದು. ಇವೆರಡನ್ನೂ ಹೊಂದಿಸುವ ದಾರಿಯೊಂದಿದೆ. ಸಮಾನತೆಯ ಪರವಾಗಿರುವ ಗೆಳೆಯ ಗೆಳತಿಯರಿಗೂ ಈ ವಿನಿಮಯವನ್ನು ತೆರೆದಿಡಿ, ಅದನ್ನು ಅರ್ಜಿಯಲ್ಲೇ ಬರೆಯಿರಿ, ನಿಜವಾಗಿಯೂ ಅಂಥ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಆಗ ಹೆಸರು ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಯಾರ ಬಗೆಗೂ ಏನೂ ಗೊತ್ತಾಗುವುದಿಲ್ಲ. ಇಷ್ಟಾದ ಮೇಲೂ ಅವಳಿಗೆ ಮನೆಯಲ್ಲಿ ಕೇಳಲು ಭಯವಿದ್ದರೆ ಒತ್ತಾಯ ಬೇಡ. ಈ ಯೋಜನೆಗೆ ವಯಸ್ಸಿನ ಮಿತಿ 13ರಿಂದ 30. ಹದಿನೆಂಟು ತುಂಬಿದ ಮೇಲೂ ಅವಕಾಶ ಇದ್ದೇ ಇದೆ.

ಅರ್ಜಿಗೆ ವರ್ಷದಲ್ಲಿ ಎರಡು ಸರದಿ, ಫೆಬ್ರವರಿ ಮತ್ತು ಅಕ್ಟೋಬರ್. ಬೇಸಿಗೆಯ ವಿನಿಮಯಕ್ಕೆ ಹಿಂದಿನ ಅಕ್ಟೋಬರ್‌ನಲ್ಲೇ ಹಾಕಿ. ಫೆಬ್ರವರಿಯದರ ಫಲಿತಾಂಶ ಬರುವಷ್ಟರಲ್ಲಿ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ, ಟಿಕೆಟ್ ದರ ಏರಿರುತ್ತದೆ. ಒಟ್ಟು 16ರಿಂದ 60 ಜನ, ಒಂದೊಂದು ಗುಂಪಿನಲ್ಲಿ ಕನಿಷ್ಠ ನಾಲ್ವರು, ಪ್ರಯಾಣ ಬಿಟ್ಟು 5ರಿಂದ 21 ದಿನ. ನಿಮ್ಮ ಹತ್ತು ದಿನ ಇದರೊಳಗೇ ಇದೆ. ಗುಂಪಿಗೆ ಒಬ್ಬ ನಾಯಕರಿದ್ದರೂ ನಿಯಮಕ್ಕೆ ಸಾಕು. ಅಪ್ರಾಪ್ತರಿರುವಾಗ ಇಬ್ಬರು ಬೇಕೇ ಬೇಕು ಎನ್ನುತ್ತೇವೆ: ಒಬ್ಬರು ಆಸ್ಪತ್ರೆಗೆ ಓಡಿದರೆ ಉಳಿದ ಮಕ್ಕಳ ಜೊತೆ ಇನ್ನೊಬ್ಬರಿರಬೇಕಲ್ಲ.

ಭಾರತದ ಪಾಸ್‌ಪೋರ್ಟ್ ಅಡ್ಡಿಯಲ್ಲ. ಯೋಜನೆ ಕೇಳುವುದು ವಾಸಸ್ಥಳವನ್ನು, ಪೌರತ್ವವನ್ನಲ್ಲ. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ದೇಶಗಳಲ್ಲಿ (ತಮ್ಮತಮ್ಮ ನಡುವೆ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳು, ಸ್ಪೇನ್ ಕೂಡ ಇದರಲ್ಲಿದೆ) 180 ದಿನಗಳಲ್ಲಿ 90 ದಿನದವರೆಗೆ ವೀಸಾ ಇಲ್ಲದೆ ಇರಬಹುದು. ಪಾಸ್‌ಪೋರ್ಟು, ಪರವಾನಗಿ ಕಾರ್ಡು ಎರಡರ ಅವಧಿಯನ್ನೂ ಈಗಲೇ ನೋಡಿ. ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿನ ಆರೋಗ್ಯ ಕಾರ್ಡು, ಸ್ಪೇನ್‌ನಲ್ಲಿ ನಡೆಯುತ್ತದೆ. ಮುಂದೆಂದಾದರೂ ಡೆನ್ಮಾರ್ಕ್ ಅಥವಾ ನಾರ್ವೆಗೆ ಹೊರಟರೆ ಎಚ್ಚರ, ಯುರೋಪ್ ಒಕ್ಕೂಟದ ಪೌರತ್ವ ಇಲ್ಲದವರಿಗೆ ಅಲ್ಲಿ ಈ ಕಾರ್ಡು ನಡೆಯುವುದಿಲ್ಲ. ಎಲ್ಲೇ ಆದರೂ ರೋಗಿಯನ್ನು ಮನೆಗೆ ಕರೆತರುವ ಖರ್ಚು ಇದರಲ್ಲಿ ಬರದು, ಅದಕ್ಕೆ ಪ್ರವಾಸ ವಿಮೆ ಬೇರೆಯೇ ಮಾಡಿಸಿ.

ನಿಮ್ಮ ಪತ್ರದಲ್ಲಿ ಕಾಣದ, ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಯೆಂದರೆ ಗುಟ್ಟು ಸೋರುವ ಸಣ್ಣ ಸಣ್ಣ ತೂತುಗಳು. ವಾಟ್ಸಾಪ್ ಗುಂಪಿಗೆ "ಪ್ರೈಡ್ ವಲೆನ್ಸಿಯಾ" ಎಂದು ಹೆಸರಿಟ್ಟಿರಿ ಅನ್ನಿ (ಪ್ರೈಡ್ ಎಂದರೆ ಸಲಿಂಗಿಗಳು ಮತ್ತಿತರರ ಹೆಮ್ಮೆಯ ಮೆರವಣಿಗೆ, ಹಬ್ಬ). ಊಟದ ಮೇಜಿನ ಮೇಲಿಟ್ಟ ಫೋನಿನ ಪರದೆ ಬೆಳಗುತ್ತದೆ, ಲಾಕ್ ತೆಗೆಯದಿದ್ದರೂ ಆ ಹೆಸರು ಅಪ್ಪನ ಕಣ್ಣಿಗೆ ಬೀಳಬಹುದು. "ವಲೆನ್ಸಿಯಾ ಜುಲೈ" ಎಂದರೆ ಸಾಕು. ನಿಮ್ಮ ವಿನಿಮಯಕ್ಕೆ ಅರ್ಜಿಯಲ್ಲಿ ಕೊಡುವ ಶೀರ್ಷಿಕೆಗೂ ಇದೇ ಮಾತು: ಭಾಗವಹಿಸಿದವರಿಗೆ ಕೊಡುವ ಯೂತ್‌ಪಾಸ್ ಪ್ರಮಾಣಪತ್ರದಲ್ಲಿ ಅದು ಅಚ್ಚಾಗುತ್ತದೆ, ಆ ಪತ್ರವನ್ನು ಮಕ್ಕಳು ಮುಂದೆ ಕೆಲಸದ ಅರ್ಜಿಗೂ ಲಗತ್ತಿಸುತ್ತಾರೆ. ವಿನಿಮಯ ಮುಗಿದ ಮೇಲೆ ಭಾಗವಹಿಸಿದವರಿಗೆ ವರದಿ ತುಂಬಿಸುವ ಇಮೇಲ್ ತಾನಾಗಿ ಹೋಗುತ್ತದೆ. ಅವಳು ಕೊಟ್ಟಿರುವ ವಿಳಾಸವನ್ನು ಮನೆಯಲ್ಲಿ ಇನ್ನಾರು ತೆರೆಯುತ್ತಾರೆ ಎಂದು ಮೊದಲೇ ಕೇಳಿ.

ಫೋಟೊಗಳ ವಿಷಯದಲ್ಲಿ ಬಿಗಿಯಾಗಿರಿ. ಹೆಸರಿನ ಬಿಲ್ಲೆ ತೂಗುಹಾಕುವ ಕೊರಳ ಪಟ್ಟಿಗೆ ಎರಡು ಬಣ್ಣ ಇಟ್ಟುಕೊಳ್ಳಿ: ಹಸಿರಿದ್ದರೆ ತೆಗೆಯಬಹುದು, ಕೆಂಪಿದ್ದರೆ ಹಿನ್ನೆಲೆಯಲ್ಲೂ ಮುಖ ಬರಕೂಡದು. ಸ್ಟುಟ್‌ಗಾರ್ಟ್‌ನಲ್ಲಿ ಹಾಕಿದ ಚಿತ್ರ ದಾವಣಗೆರೆಯ ಚಿಕ್ಕಪ್ಪನ ಫೋನಿಗೆ ತಲುಪಲು ಎಷ್ಟು ಹೊತ್ತು? ಹಂಗೆರಿಯ ಗುಂಪಿಗೆ ಇದು ಇನ್ನೂ ಸೂಕ್ಷ್ಮ. ಸಲಿಂಗ ಪ್ರೇಮವನ್ನು ಅಪ್ರಾಪ್ತರಿಗೆ "ಪ್ರಚಾರ" ಮಾಡಕೂಡದೆಂಬ ಕಾನೂನು ಅಲ್ಲಿ 2021ರಿಂದ ಇದೆ, 2025ರಲ್ಲಿ ಪ್ರೈಡ್ ಮೆರವಣಿಗೆಯ ಮೇಲೂ ನಿರ್ಬಂಧ ತಂದರು. ಏನು ಪ್ರಕಟಿಸಬಹುದು ಎಂಬುದನ್ನು ಅವರ ನಾಯಕರೇ ತೀರ್ಮಾನಿಸಲಿ.

ಮಲಗುವ ಕೋಣೆಗಳನ್ನು ನೀವೇ ಊಹಿಸಿ ಹಂಚಬೇಡಿ. ಯಾರ ಜೊತೆ ಇರಲು ನೆಮ್ಮದಿ ಎಂದು ಒಬ್ಬೊಬ್ಬರನ್ನೇ ಖಾಸಗಿಯಾಗಿ ಕೇಳಿ, ಅಪ್ರಾಪ್ತರನ್ನೂ ವಯಸ್ಕರನ್ನೂ ಬೇರೆ ಬೇರೆ ಕೋಣೆಗಳಲ್ಲಿಡಿ, ಒಂದೆರಡು ಕೋಣೆ ಖಾಲಿ ಉಳಿಸಿಕೊಳ್ಳಿ. ಯೋಜನೆಯಲ್ಲಿ ಪೂರ್ವಭಾವಿ ಭೇಟಿಗೆ ಹಣ ಕೇಳಬಹುದು. ಕೇಳಿ, ಹೋಗಿ, ಬಚ್ಚಲಿನ ಚಿಲಕದವರೆಗೂ ನೋಡಿ ಬನ್ನಿ.

ಹುಡುಗಿಗೆ ಒಂದು ಮಾತು ತಲುಪಿಸಿ. ಪಾಸ್‌ಪೋರ್ಟಿನಲ್ಲಾಗಲಿ ವಾಸದ ಪರವಾನಗಿಯಲ್ಲಾಗಲಿ ಅವಳು ಯಾರನ್ನು ಪ್ರೀತಿಸುತ್ತಾಳೆ ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಒಂದೇ ಲಿಂಗದ ವಯಸ್ಕರು ಪರಸ್ಪರ ಒಪ್ಪಿ ದೈಹಿಕ ಸಂಬಂಧ ಹೊಂದುವುದು ಭಾರತದಲ್ಲಿ 2018ರ ಸೆಪ್ಟೆಂಬರ್ 6ರಿಂದ ಅಪರಾಧವೂ ಅಲ್ಲ. ಹಿಂದಿರುಗಿದ ಮೊದಲ ವಾರ ಅವಳಿಗೆ ಫೋನ್ ಮಾಡುವವರು ಯಾರೆಂದು ಹೊರಡುವ ಮೊದಲೇ ಗೊತ್ತುಮಾಡಿ. ಹತ್ತು ದಿನ ನಿರಾಳವಾಗಿದ್ದು ಮತ್ತೆ ಮೌನದ ಮನೆಗೆ ಮರಳುವಾಗಲೇ ಮಕ್ಕಳು ಹೆಚ್ಚು ಕುಸಿಯುತ್ತಾರೆ.

– ಸಂ.