ಆರ್ಡುಯಿನೊ ಉನೊಗೆ ಮೈಕ್ರೊ ಎಸ್‌ಡಿ ಕಾರ್ಡ್: ಮೊದಲು ವೋಲ್ಟೇಜ್, ಆಮೇಲೆ ಕೋಡ್

ಉನೊ ಎಂಬ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡಿನಿಂದ ಸೆಕೆಂಡಿಗೊಮ್ಮೆ ತಾಪಮಾನವನ್ನು ಓದಿ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ದಾಖಲಿಸುತ್ತಿದ್ದೀರಿ. ಕಾರ್ಡ್ ಒಮ್ಮೊಮ್ಮೆ ಪತ್ತೆಯಾಗುವುದೇ ಇಲ್ಲ, ಪತ್ತೆಯಾದರೂ ಪವರ್ ತೆಗೆದ ಮೇಲೆ ಫೈಲ್ ಖಾಲಿಯಾಗಿ ಕಾಣುತ್ತದೆ, ಹಾಗಾಗಿ ಬೇರೆ ಲೈಬ್ರರಿ (ಕಾರ್ಡಿಗೆ ಬರೆಯುವ ಸಿದ್ಧ ಕೋಡ್) ಬಳಸಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲನೆಯ ತೊಂದರೆಯ ಮೂಲ ಹೆಚ್ಚಾಗಿ ವಿದ್ಯುತ್ ಸರಬರಾಜಿನಲ್ಲಿರುತ್ತದೆ. ಎರಡನೆಯದು ಫೈಲಿನ ಗಾತ್ರ ಕಾರ್ಡಿನಲ್ಲಿ ಯಾವಾಗ ದಾಖಲಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು.

ಎಸ್‌ಡಿ ಕಾರ್ಡ್ 2.7ರಿಂದ 3.6 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಉನೊದ ಪಿನ್ನುಗಳು ಹೊರಡಿಸುವುದು 5 ವೋಲ್ಟ್. ಆದ್ದರಿಂದ ಕಾರ್ಡಿನತ್ತ ಹೋಗುವ ಮೂರು ಲೈನುಗಳಿಗೆ, ಅಂದರೆ ಕ್ಲಾಕ್, ಮೋಸಿ (ಉನೊದಿಂದ ಡೇಟಾ ಒಯ್ಯುವ ಲೈನ್) ಮತ್ತು ಚಿಪ್ ಸೆಲೆಕ್ಟ್‌ಗೆ (ಸಾಧನವನ್ನು ಆಯ್ಕೆ ಮಾಡುವ ಲೈನ್), 5 ವೋಲ್ಟನ್ನು 3.3ಕ್ಕೆ ಇಳಿಸುವ ಲೆವೆಲ್ ಶಿಫ್ಟರ್ ಬೇಕು. ಕಾರ್ಡಿನಿಂದ ಡೇಟಾ ತರುವ ಮಿಸೊ ಲೈನಿನ 3.3 ವೋಲ್ಟನ್ನು ಉನೊ ಹೈ (ಅಂದರೆ 1) ಎಂದೇ ಓದಿಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಶಿಫ್ಟರ್ ಬೇಡ. ಬರೆಯುವಾಗ ಕಾರ್ಡ್ 100 ಮಿಲಿಆಂಪ್‌ನಷ್ಟು ಕರೆಂಟ್ ಎಳೆಯಬಹುದು, ಉನೊದ 3.3 ವೋಲ್ಟ್ ಪಿನ್ನಿನ ಮಿತಿ 50 ಮಿಲಿಆಂಪ್ ಮಾತ್ರ. ನಿಮ್ಮದು ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಭಾಗ) ಇರುವ ಕಾರ್ಡ್ ಮಾಡ್ಯೂಲ್ ಆಗಿದ್ದರೆ ಅದನ್ನು 5 ವೋಲ್ಟ್ ಪಿನ್ನಿಗೇ ಜೋಡಿಸಿ. ಇಂಥ ಮಾಡ್ಯೂಲುಗಳಲ್ಲಿ ಸಾಮಾನ್ಯವಾಗಿರುವ 1117 ಮಾದರಿಯ ರೆಗ್ಯುಲೇಟರ್ ತನ್ನಲ್ಲೇ ಸುಮಾರು 1 ವೋಲ್ಟ್ ಉಳಿಸಿಕೊಳ್ಳುವುದರಿಂದ, ಅದಕ್ಕೆ 3.3 ವೋಲ್ಟ್ ಕೊಟ್ಟರೆ ಕಾರ್ಡಿಗೆ ತಲುಪುವುದು ಕನಿಷ್ಠ ಮಿತಿಗಿಂತಲೂ ಕಡಿಮೆ. ಒಮ್ಮೊಮ್ಮೆ ಪತ್ತೆಯಾಗಿ ಒಮ್ಮೊಮ್ಮೆ ಕೈಕೊಡುವ ಕಾರ್ಡ್ ಎಂದರೆ ನನಗೆ ಮೊದಲು ಅನುಮಾನ ಬರುವುದು ಇಲ್ಲಿಯೇ. ಸಾಕೆಟ್ಟಿನ ಪಕ್ಕದಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಹಾಕಿ, ತಂತಿಗಳನ್ನು ಗಿಡ್ಡವಾಗಿಡಿ.

ಕಾರ್ಡ್ ಬಳಸುವ ಇದೇ ಲೈನುಗಳಲ್ಲಿ, ಅಂದರೆ ಎಸ್‌ಪಿಐ ಬಸ್ಸಿನಲ್ಲಿ, ಬೇರೆ ಸಾಧನವಿದ್ದರೆ ಅದರ ಚಿಪ್ ಸೆಲೆಕ್ಟನ್ನು ಕಾರ್ಡ್ ಪ್ರಾರಂಭಿಸುವ ಮೊದಲೇ ಹೈ ಮಾಡಿ ಅದನ್ನು ಸುಮ್ಮನಿರಿಸಬೇಕು. ಕೆಲವು ಅಗ್ಗದ ಮಾಡ್ಯೂಲುಗಳ ಬಫರ್ ಚಿಪ್, ಕಾರ್ಡನ್ನು ಆಯ್ಕೆ ಮಾಡದಿರುವಾಗಲೂ ಮಿಸೊ ಲೈನನ್ನು ಬಿಟ್ಟುಕೊಡುವುದಿಲ್ಲ. ಕಾರ್ಡ್ ಒಂಟಿಯಾಗಿ ಸರಿಯಿದ್ದು ಜೊತೆಗೆ ಇನ್ನೊಂದು ಸಾಧನ ಸೇರಿದೊಡನೆ ಎರಡೂ ಕೆಟ್ಟರೆ ಕಾರಣ ಇದೇ ಇರಬಹುದು.

ಕಾರ್ಡ್ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದಿರಲಿ, ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ. ಆರ್ಡುಯಿನೊದ ಎಸ್‌ಡಿ ಲೈಬ್ರರಿಗೆ ಎಕ್ಸ್‌ಫ್ಯಾಟ್ (ದೊಡ್ಡ ಕಾರ್ಡುಗಳ ಫಾರ್ಮ್ಯಾಟ್) ಗೊತ್ತಿಲ್ಲ. ಫೈಲಿನ ಹೆಸರು ಎಂಟು ಅಕ್ಷರ, ಎಕ್ಸ್‌ಟೆನ್ಶನ್ ಮೂರು ಅಕ್ಷರ ಮೀರಿದರೂ ಅದು ಫೈಲ್ ತೆರೆಯುವುದಿಲ್ಲ.

ಇನ್ನು ಖಾಲಿ ಫೈಲಿನ ವಿಷಯ. ಕಾರ್ಡ್ 512 ಬೈಟ್‌ಗಳ ಬ್ಲಾಕುಗಳಲ್ಲಿ ಮಾತ್ರ ಬರೆಯಿಸಿಕೊಳ್ಳುವುದರಿಂದ, ನೀವು ಕಳುಹಿಸಿದ ಸಾಲುಗಳು ಅಷ್ಟು ತುಂಬುವವರೆಗೆ ಉನೊದ ರ‍್ಯಾಮ್‌ನಲ್ಲೇ ಕಾದಿರುತ್ತವೆ. (ಅಲ್ಲಿರುವುದೇ 2048 ಬೈಟ್, ಅದರ ಕಾಲುಭಾಗ ಈ ಕಾಯುವ ಜಾಗಕ್ಕೇ, ಅಂದರೆ ಬಫರಿಗೇ, ಹೋಗುತ್ತದೆಂಬುದೂ ನೆನಪಿರಲಿ.) ಬ್ಲಾಕ್ ತುಂಬಿ ಕಾರ್ಡಿಗೆ ಹೋದರೂ ಫೈಲಿನ ಗಾತ್ರ ಡೈರೆಕ್ಟರಿಯಲ್ಲಿ (ಕಾರ್ಡಿನ ಫೈಲುಗಳ ಪಟ್ಟಿಯಲ್ಲಿ) ದಾಖಲಾಗುವುದು ನೀವು ಫ್ಲಶ್ (ಕಾದಿರುವುದನ್ನು ಕೂಡಲೇ ಬರೆಸುವ ಆಜ್ಞೆ) ಅಥವಾ ಕ್ಲೋಸ್ ಮಾಡಿದಾಗ ಮಾತ್ರ. ಅದಕ್ಕೆ ಮೊದಲೇ ಪವರ್ ಹೋದರೆ ಅಂಕಿಗಳು ಕಾರ್ಡಿನಲ್ಲಿದ್ದರೂ ಕಂಪ್ಯೂಟರಿಗೆ ಕಾಣುವ ಗಾತ್ರ ಸೊನ್ನೆ.

ಪ್ರತಿ ಸಾಲಿಗೂ ಫ್ಲಶ್ ಮಾಡಬಹುದು, ಆದರೆ ಇಪ್ಪತ್ತು ಬೈಟ್‌ಗಾಗಿ ಡೇಟಾದ ಬ್ಲಾಕನ್ನೂ ಡೈರೆಕ್ಟರಿಯ ಬ್ಲಾಕನ್ನೂ ಮತ್ತೆ ಬರೆಸಿದಂತಾಗುತ್ತದೆ. ಕಾರ್ಡ್ ಸವೆಯುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ನಾನಾದರೆ ನಿಮಿಷಕ್ಕೊಮ್ಮೆ ಫ್ಲಶ್ ಮಾಡಿ, ಹೆಚ್ಚೆಂದರೆ ಕೊನೆಯ ಒಂದು ನಿಮಿಷದ ದಾಖಲೆ ಹೋದರೂ ಹೋಗಲಿ ಎಂದುಕೊಳ್ಳುತ್ತೇನೆ. ಬರೆಯುತ್ತಿರುವಾಗಲೇ ಕಾರ್ಡ್ ಕಿತ್ತರೆ ಫೈಲ್ ಸಿಸ್ಟಮ್ಮೇ ಕೆಡಬಹುದು, ಆದ್ದರಿಂದ ಒಂದು ಪುಶ್ ಬಟನ್ ಮತ್ತು ಒಂದು ಎಲ್‌ಇಡಿ ಸೇರಿಸಿ: ಬಟನ್ ಒತ್ತಿದಾಗ ಫೈಲ್ ಕ್ಲೋಸ್ ಆಗಲಿ, ಎಲ್‌ಇಡಿ ಆರಿದ ಮೇಲೆ ಕಾರ್ಡ್ ತೆಗೆಯಿರಿ.