ಮಳೆಗಾಲದಲ್ಲಿ ಹುಟ್ಟುವ ಮಗುವಿಗೆ ಮೊದಲ ಕೆಲವು ವಾರ ನಿಜವಾಗಿ ಬೇಕಾಗುವ ಸಾಮಾನುಗಳು ಯಾವುವು?

ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿ ವಾಸವಾಗಿದ್ದೀರಿ, ನಿಮ್ಮ ಪತ್ನಿಗೆ ಜುಲೈ ಮೂರನೆಯ ವಾರದಲ್ಲಿ ಹೆರಿಗೆಯ ದಿನ ಕೊಟ್ಟಿದ್ದಾರೆ, ಇದು ಮೊದಲ ಮಗು, ಅಂಗಡಿಯವರು ಕೊಟ್ಟ ಉದ್ದದ ಪಟ್ಟಿಯಲ್ಲಿ ಯಾವುದನ್ನು ಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಕೊಡಗಿನಲ್ಲಿಯೇ ಹೆರಿಗೆ ವಾರ್ಡಿನಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ನನ್ನ ಇಬ್ಬರು ಮಕ್ಕಳೂ ಮಳೆಗಾಲದಲ್ಲಿ ಹುಟ್ಟಿದವರು. ಅಂಗಡಿಯ ಪಟ್ಟಿಗಳು ಬಿಸಿಲು ಬೀಳುವ, ಕರೆಂಟು ಹೋಗದ, ಬೇಕೆನಿಸಿದ್ದು ಮರುದಿನವೇ ಮನೆಬಾಗಿಲಿಗೆ ಬರುವ ಊರುಗಳಿಗೆ ಸರಿ. ನಿಮ್ಮ ಮಗು ಹುಟ್ಟುವುದು ಕಕ್ಕಡ ತಿಂಗಳ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯಲ್ಲಿ. ಆದ್ದರಿಂದ ಯಾವ ಸಾಮಾನನ್ನು ಕೈಗೆತ್ತಿಕೊಂಡರೂ, ಇದನ್ನು ಒಗೆದರೆ ನಮ್ಮ ಮನೆಯಲ್ಲಿ ಒಣಗಲು ಎಷ್ಟು ದಿನ ಬೇಕು ಎಂದು ಮೊದಲು ಕೇಳಿಕೊಳ್ಳಿ. ನನ್ನ ಉತ್ತರದ ಬಹುಭಾಗ ಈ ಒಂದು ಪ್ರಶ್ನೆಯನ್ನೇ ಆಧರಿಸಿದೆ.

ಮೊದಲು ಬಟ್ಟೆಯ ಲೆಕ್ಕವನ್ನು ಹೇಳುತ್ತೇನೆ. ಹಾಲು ಚೆನ್ನಾಗಿ ಸಿಗುತ್ತಿರುವ ಮಗು ಮೊದಲ ವಾರದ ಕೊನೆಯ ಹೊತ್ತಿಗೆ ದಿನಕ್ಕೆ 6ರಿಂದ 8 ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮೂತ್ರ ಮಾಡುತ್ತದೆ. ಅದರ ಜೊತೆಗೆ ಹಲವು ಬಾರಿ ಮಲವಿಸರ್ಜನೆಯೂ ಇರುತ್ತದೆ. ಹಾಗಾಗಿ ದಿನಕ್ಕೆ 10ರಿಂದ 12 ಲಂಗೋಟಿಗಳು ಬೇಕು. ಬೇಸಿಗೆಯಲ್ಲಾದರೆ ಬೆಳಿಗ್ಗೆ ಒಗೆದದ್ದು ಸಂಜೆಗೆ ಸಿದ್ಧ. ಜುಲೈಯಲ್ಲಿ ಮನೆಯೊಳಗೆ ಹಾಕಿದ ಬಟ್ಟೆ ಪೂರ್ತಿ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ಆದ್ದರಿಂದ ನಿಮಗೆ 30ರಿಂದ 36 ಲಂಗೋಟಿಗಳು ಬೇಕಾಗುತ್ತವೆ. ಇವನ್ನು ಅಂಗಡಿಯಿಂದ ತರಬೇಕೆಂದೇನೂ ಇಲ್ಲ. ಮನೆಯಲ್ಲಿರುವ ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಕುದಿಯುವ ನೀರಿನಲ್ಲಿ ಒಗೆದು, ಬಿಸಿಲಿರುವಾಗಲೇ ಒಣಗಿಸಿ, ಚೌಕವಾಗಿ ಕತ್ತರಿಸಿ ಅಂಚು ಹೊಲಿಸಿದರೆ ಅದಕ್ಕಿಂತ ಮೃದುವಾದ ಲಂಗೋಟಿ ಬೇರೆಲ್ಲಿಯೂ ಸಿಗದು. ತೆಳುವಾಗಿರುವುದರಿಂದ ಬೇಗ ಒಣಗುತ್ತದೆ ಎಂಬುದು ನಮ್ಮ ಊರಿಗೆ ಅದರ ದೊಡ್ಡ ಗುಣ. ಈಗ ಮಾರುವ, ಒಳಗೆ ನಾಲ್ಕೈದು ಪದರಗಳ ಪ್ಯಾಡು ಇರುವ ಬಟ್ಟೆ ಡಯಾಪರುಗಳು ಒಳ್ಳೆಯವೇ ಆದರೂ ಆ ದಪ್ಪ ಪ್ಯಾಡು ನಮ್ಮ ಮಳೆಯಲ್ಲಿ ಒಣಗುವುದಿಲ್ಲ. ಅರೆ ಒಣಗಿದ ಬಟ್ಟೆಯನ್ನೇ ಕಟ್ಟಿದರೆ ಮಗುವಿನ ತೊಡೆಸಂದಿಯ ಚರ್ಮ ಕೆಂಪಾಗಿ ಸುಲಿಯುತ್ತದೆ. ಆ ಡಯಾಪರುಗಳನ್ನು ಅಕ್ಟೋಬರಿನ ನಂತರ ಕೊಳ್ಳಿ.

ರಾತ್ರಿಗೆ ಮತ್ತು ಪ್ರಯಾಣಕ್ಕೆ ಬಳಸಿ ಬಿಸಾಡುವ ಡಯಾಪರನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನವಜಾತ ಶಿಶುವಿನ ಅಳತೆಯದ್ದು ಸಾಮಾನ್ಯವಾಗಿ 5 ಕಿಲೋ ತೂಕದವರೆಗೆ ಮಾತ್ರ ಸರಿಹೋಗುವುದರಿಂದ ಒಂದೆರಡು ಪ್ಯಾಕೆಟ್ ಸಾಕು. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಮಲವಾದ ಕೂಡಲೇ ಬದಲಿಸಬೇಕು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿಟ್ಟು ಕಸದ ಗಾಡಿಗೆ ಕೊಡಿ. ತೋಟದ ಅಂಚಿನ ತೋಡಿಗೆ ಎಸೆದರೆ ಅದು ನೇರವಾಗಿ ಕಾವೇರಿಗೆ ಹೋಗಿ ಸೇರುತ್ತದೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಮನೆಗಳು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಉಳಿದ ಬಟ್ಟೆಗಳಲ್ಲಿ ಮುಂದೆ ಕಟ್ಟುವ ಹತ್ತಿಯ ಜಬಲಾ ಎಂಟು ಹತ್ತು, ಮಗುವನ್ನು ಸುತ್ತಲು ದೊಡ್ಡ ಮೃದುವಾದ ಬಟ್ಟೆಗಳು ಆರು, ಕುಲಾವಿ ಮೂರು, ಕಾಲುಚೀಲ ನಾಲ್ಕು ಜೊತೆ, ಮುಂದೆ ತೆರೆಯುವ ಸ್ವೆಟರ್ ಎರಡು, ಹಾಸಿಗೆಯ ಮೇಲೆ ಹಾಕಲು ರಬ್ಬರ್ ಶೀಟ್ ಎರಡು ಇದ್ದರೆ ಸಾಕು. ತಲೆಯ ಮೇಲಿನಿಂದ ಹಾಕುವ ಬಿಗಿಯಾದ ಅಂಗಿ, ಲೇಸು, ಮುತ್ತು, ಉದ್ದನೆಯ ದಾರ ಇರುವ ಉಡುಪು ಬೇಡ. ಕೆಲವು ವರ್ಷಗಳ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರಿಗೆ ಕೊಡುತ್ತಿದ್ದ ಮಡಿಲು ಕಿಟ್ಟಿನಲ್ಲಿ ಸೊಳ್ಳೆಪರದೆ, ಮಗುವಿನ ಹಾಸಿಗೆ, ರಬ್ಬರ್ ಶೀಟ್, ಸ್ವೆಟರ್, ಟೋಪಿ, ಸಾಬೂನುಗಳಂತಹ ಸರಳ ವಸ್ತುಗಳಷ್ಟೇ ಇರುತ್ತಿದ್ದವು. ಅದನ್ನು ಯೋಚಿಸಿ ಮಾಡಿದ್ದರೆಂದು ನನಗೆ ಯಾವಾಗಲೂ ಅನಿಸಿದೆ.

ಇನ್ನು ಒಣಗಿಸುವ ವ್ಯವಸ್ಥೆ. ಅಂಗಡಿಯ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ, ಆದರೆ ನೀವು ಹಣ ಹಾಕಬೇಕಾದದ್ದು ಇಲ್ಲಿ. ಮನೆಯಲ್ಲಿ ಬಟ್ಟೆಯ ನೀರನ್ನು ಹಿಂಡಿ ತೆಗೆಯುವ ಸ್ಪಿನ್ನರ್ ಇರುವ ವಾಷಿಂಗ್ ಮಷೀನ್ ಇದ್ದರೆ ಅರ್ಧ ಕೆಲಸ ಆದಂತೆ. ಗಾಳಿಯಾಡುವ ಜಗಲಿಯಲ್ಲಿ ಅಥವಾ ಪ್ರತ್ಯೇಕ ಕೋಣೆಯಲ್ಲಿ ಮಡಚುವ ಸ್ಟ್ಯಾಂಡ್ ಇಟ್ಟು, ಫ್ಯಾನು ಹಾಕಿ ಒಣಗಿಸಿ, ಕೊನೆಗೆ ಪ್ರತಿಯೊಂದು ಲಂಗೋಟಿಗೂ ಇಸ್ತ್ರಿ ಹಾಕಿ. ಉಳಿದ ತೇವವೂ ಹೋಗುತ್ತದೆ, ಬೂಷ್ಟಿನ ವಾಸನೆಯೂ ಬರುವುದಿಲ್ಲ. ಬಾಣಂತಿ ಕೋಣೆಯಲ್ಲಿಯೇ ಹಗ್ಗ ಕಟ್ಟಬೇಡಿ, ಕೋಣೆ ಇನ್ನಷ್ಟು ತೇವವಾಗಿ ತಣ್ಣಗಾಗುತ್ತದೆ. ಅಡುಗೆಮನೆಯ ಒಲೆಯ ಮೇಲೆ ಒಣಗಿಸಿದರೆ ಹೊಗೆ ಬಟ್ಟೆಗೆ ಹಿಡಿದು ಮಗುವಿನ ಮೂಗಿನ ಬಳಿಯೇ ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬಾಣಂತಿ ಕೋಣೆ ಬೆಚ್ಚಗಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಡುವ ರೂಢಿ ಈಗಲೂ ಅಲ್ಲಲ್ಲಿ ಇದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ನಿದ್ದೆಯಲ್ಲಿಯೇ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ ತರುತ್ತದೆ. ಕರೆಂಟು ಹೋದಾಗ ಹಚ್ಚುವ ಜನರೇಟರನ್ನು ಜಗಲಿಯಲ್ಲಿ, ಕಿಟಕಿಯ ಪಕ್ಕದಲ್ಲಿ ಇಟ್ಟರೂ ಅಷ್ಟೇ ಅಪಾಯ. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಿರಿಯರು ಒತ್ತಾಯಿಸಿದರೆ ಮಗುವಿಲ್ಲದ ಕೋಣೆಯಲ್ಲಿ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಮಗುವನ್ನು ಕರೆತನ್ನಿ. ಹೀಟರ್ ಕೊಳ್ಳುವುದಾದರೆ ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯದು ವಾಸಿ, ಏಕೆಂದರೆ ಅದರಲ್ಲಿ ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವುದಿಲ್ಲ. ಬಿಸಿನೀರಿನ ಚೀಲವನ್ನು ಮಗುವಿನ ಪಕ್ಕ ಎಂದಿಗೂ ಇಡಬಾರದು.

ಹಾಗಾದರೆ ಕರೆಂಟು ಇಲ್ಲದ ರಾತ್ರಿ ಮಗುವನ್ನು ಬೆಚ್ಚಗಿಡುವುದು ಹೇಗೆ? ಲಂಗೋಟಿ ಮತ್ತು ಕುಲಾವಿ ಮಾತ್ರ ಹಾಕಿದ ಮಗುವನ್ನು ತಾಯಿಯ ಬರಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ, ಇಬ್ಬರ ಮೇಲೂ ಕಂಬಳಿ ಹೊದಿಸುವುದೇ ಅತ್ಯುತ್ತಮ ವಿಧಾನ. ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಯಲ್ಲಿ ಮಾಡಿಸುವುದೂ ಇದನ್ನೇ. ತಾಯಿಗೆ ದಣಿವಾದಾಗ ತಂದೆಯಾಗಿ ನೀವೂ ಮಾಡಬಹುದು. ಹಾಗೆ ಇಟ್ಟುಕೊಂಡವರು ಎಚ್ಚರವಾಗಿರಬೇಕು ಅಷ್ಟೇ. ಉಳಿದ ಹೊತ್ತಿನಲ್ಲಿ ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚು ಹಾಕಿದರೆ ಸಾಕು. ಎಳೆಯ ಮಕ್ಕಳ ಕೈಕಾಲು ತುಸು ತಣ್ಣಗಿರುವುದು ಸಹಜ, ಆದ್ದರಿಂದ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೊಡಗಿನಲ್ಲಿ ಥಂಡಿಗೆ ಹೆದರಿ ಮಕ್ಕಳಿಗೆ ಅತಿಯಾಗಿ ಹೊದಿಸುವುದನ್ನೇ ನಾನು ಹೆಚ್ಚು ಕಂಡಿದ್ದೇನೆ.

ಮಲಗಿಸಲು ಮನೆಯಲ್ಲಿ ಬೆತ್ತದ ಅಥವಾ ಮರದ ಹಳೆಯ ತೊಟ್ಟಿಲಿದ್ದರೆ ಅದನ್ನೇ ಬಳಸಿ, ಆದರೆ ಹಾಸು ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಗುವನ್ನು ಬೆನ್ನ ಮೇಲೆಯೇ ಮಲಗಿಸಬೇಕು. ದಿಂಬು ಬೇಡ, ತಲೆಯ ಆಕಾರಕ್ಕೆಂದು ಇಡುವ ಸಾಸಿವೆ ಅಥವಾ ರಾಗಿ ದಿಂಬೂ ಬೇಡ, ತೊಟ್ಟಿಲ ಸುತ್ತ ಮೆತ್ತನೆಯ ಗೊಂಬೆಗಳೂ ಬೇಡ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುವುದರಿಂದ ಮೊದಲ ವಾರಗಳಲ್ಲಿ ಅದರಲ್ಲಿ ನಿದ್ದೆಗೆ ಬಿಡದಿರುವುದು ಕ್ಷೇಮ. ತೊಟ್ಟಿಲು ತಾಯಿಯ ಹಾಸಿಗೆಯ ಪಕ್ಕದಲ್ಲಿರಲಿ. ಕೊಡೆಯಂತೆ ಮಡಚುವ ಸೊಳ್ಳೆಪರದೆ ಕಡಿಮೆ ಬೆಲೆಯದು, ಅದನ್ನು ಖಂಡಿತ ಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವ ಅಗತ್ಯ ಬೀಳುವುದಿಲ್ಲ.

ಆಹಾರದ ವಿಷಯದಲ್ಲಿ ಕೊಳ್ಳಬೇಕಾದದ್ದು ಹೆಚ್ಚುಕಡಿಮೆ ಏನೂ ಇಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಿ ಆರು ತಿಂಗಳು ಅದನ್ನಷ್ಟೇ ಕೊಡಬೇಕು. ಹಾಲಿನ ಬಾಟಲಿ ಮತ್ತು ಶಿಶು ಹಾಲಿನ ಪುಡಿಗಳ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ; ಆದರೂ ಅಂಗಡಿಯ ಉಡುಗೊರೆ ಪೆಟ್ಟಿಗೆಗಳಲ್ಲಿ ಬಾಟಲಿ ಇದ್ದೇ ಇರುತ್ತದೆ. ಅದನ್ನು ಕೊಳ್ಳಬೇಡಿ. ಯಾವುದಾದರೂ ಕಾರಣಕ್ಕೆ ಹಿಂಡಿದ ಹಾಲನ್ನು ಕುಡಿಸಬೇಕೆಂದು ವೈದ್ಯರು ಹೇಳಿದರೆ ಸ್ಟೀಲಿನ ಒಳಲೆ (ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಸಾಕು; ಕುದಿಸಿ ಶುಚಿ ಮಾಡುವುದು ಸುಲಭ, ಬಾಟಲಿಯ ಮೂಲೆಗಳಂತೆ ಅದರಲ್ಲಿ ಕೊಳೆ ಉಳಿಯುವುದಿಲ್ಲ. ಬ್ರೆಸ್ಟ್ ಪಂಪನ್ನು ಅಗತ್ಯ ಬಿದ್ದ ಮೇಲೆ ತಂದರಾಯಿತು. ಪತ್ನಿಗೆ ಮುಂದೆ ತೆರೆಯುವ ನೈಟಿಗಳನ್ನೂ ಪ್ಯಾಡುಗಳನ್ನೂ ಧಾರಾಳವಾಗಿ ತನ್ನಿ, ಏಕೆಂದರೆ ಅವರ ಬಟ್ಟೆಗಳಿಗೂ ಒಣಗುವ ಸಮಸ್ಯೆ ಇದ್ದೇ ಇದೆ. ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬುವವರೆಗೆ ಮಗುವಿನ ನಾಲಿಗೆಗೆ ಅದನ್ನು ಸವರಬಾರದು. ಜೇನಿನಲ್ಲಿರಬಹುದಾದ ಕೆಲವು ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು ನರಗಳನ್ನು ನಿಶ್ಶಕ್ತಗೊಳಿಸುವ ವಿಷವನ್ನು ಉಂಟುಮಾಡುತ್ತವೆ. ನೋಡಲು ಬರುವ ಬಂಧುಗಳಿಗೆ ಇದನ್ನು ನೀವೇ ಮೊದಲೇ ತಿಳಿಸಿದರೆ ಬಾಣಂತಿಗೆ ಮುಜುಗರ ತಪ್ಪುತ್ತದೆ.

ಸ್ನಾನಕ್ಕೆ ಒಂದು ಅಗಲವಾದ ಪ್ಲಾಸ್ಟಿಕ್ ಬೇಸಿನ್, ಸೌಮ್ಯವಾದ ಸಾಬೂನು, ತೆಂಗಿನೆಣ್ಣೆ ಸಾಕು. ಮೊದಲ 24 ಗಂಟೆ ಸ್ನಾನ ಬೇಡ; ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗೆ ಮೈ ಒರೆಸಿದರೆ ಆಯಿತು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚದೆ ಒಣದಾಗಿಡಿ, ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ. ಪೌಡರ್, ಕಾಡಿಗೆ, ಗ್ರೈಪ್ ವಾಟರ್ ಇವುಗಳನ್ನು ಪಟ್ಟಿಯಿಂದ ಹೊಡೆದುಹಾಕಿ.

ಒಂದು ಡಿಜಿಟಲ್ ಥರ್ಮಾಮೀಟರ್ ಮಾತ್ರ ತಪ್ಪದೆ ಇರಲಿ. ಕಂಕುಳಲ್ಲಿಟ್ಟು ನೋಡಿದಾಗ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 100.4 ದಾಟಿದರೆ ಮನೆಮದ್ದು ಮಾಡುತ್ತ ಕೂರದೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 97.7ಕ್ಕಿಂತ ಕೆಳಗಿಳಿದು ಎದೆಗೊರಗಿಸಿಕೊಂಡ ಮೇಲೂ ಏರದಿದ್ದರೆ, ಅಥವಾ ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾದರೆ, ಉಸಿರಾಡುವಾಗ ಎದೆಗೂಡು ಒಳಕ್ಕೆ ಸೆಳೆದುಕೊಂಡರೆ, ಆಗಲೂ ಅಷ್ಟೇ ಅವಸರ ಬೇಕು. ಕಾಮಾಲೆಗೆ ಎಳೆಬಿಸಿಲು ಕಾಯಿಸುವ ಸಲಹೆ ಬಹಳ ಮಂದಿ ಕೊಡುತ್ತಾರೆ. ಜುಲೈಯಲ್ಲಿ ಬಿಸಿಲಿಗಾಗಿ ಕಾಯುವುದೆಂದರೆ ಅಮೂಲ್ಯ ಸಮಯವನ್ನು ಕಳೆದಂತೆ, ಬಿಸಿಲು ಇದ್ದರೂ ಅದು ಚಿಕಿತ್ಸೆಯಲ್ಲ. ಹುಟ್ಟಿದ ಮೊದಲ ದಿನವೇ ಹಳದಿಯಾದರೆ ಅಥವಾ ಅಂಗೈ ಅಂಗಾಲುಗಳವರೆಗೆ ಹಳದಿ ಇಳಿದರೆ ತಕ್ಷಣ ತೋರಿಸಿ. ಕರೆಂಟಿಲ್ಲದಾಗ ಚರ್ಮದ ಬಣ್ಣ ತಿಳಿಯುವುದಿಲ್ಲ, ಆದ್ದರಿಂದ ಬಿಳಿ ಬೆಳಕಿನ, ಚಾರ್ಜ್ ಮಾಡಿಟ್ಟ ದೀಪವೊಂದು ಕೋಣೆಯಲ್ಲಿರಲಿ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ; ಅವರ ಫೋನ್ ನಂಬರನ್ನು ಈಗಲೇ ಪಡೆದುಕೊಳ್ಳಿ.

ದುಬಾರಿ ವಸ್ತುಗಳಲ್ಲಿ ನಾನು ಒಂದನ್ನು ಮಾತ್ರ ಬೇಕೆನ್ನುತ್ತೇನೆ, ಅದು ಮಗುವಿನ ಕಾರ್ ಸೀಟ್. ತಿರುವುಗಳ ರಸ್ತೆಯಲ್ಲಿ, ಮಂಜಿನಲ್ಲಿ, ಹಠಾತ್ತನೆ ಬ್ರೇಕ್ ಹಾಕಿದಾಗ ಮಡಿಲಲ್ಲಿರುವ ಮಗುವನ್ನು ಎಷ್ಟೇ ಬಲವಾದ ಕೈಯೂ ಹಿಡಿದುಕೊಳ್ಳಲಾರದು. ಹುಟ್ಟಿದ ದಿನದಿಂದ ಬಳಸಬಹುದಾದದ್ದನ್ನು ಆರಿಸಿ, ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಜೋಡಿಸಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಸ್ವೆಟರ್, ಕಂಬಳಿಗಳು ಬೆಲ್ಟಿನ ಒಳಗಿರದೆ ಬೆಲ್ಟಿನ ಮೇಲೆ ಹೊದಿಸಿದಂತಿರಲಿ. ತೋಟದ ಹಳೆಯ ಜೀಪಿನ ಹಿಂದಿನ ಸೀಟುಗಳಲ್ಲಿ ಬೆಲ್ಟ್ ಇಲ್ಲದಿದ್ದರೆ ಸೀಟನ್ನು ಕಟ್ಟಲಾಗದು, ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬರಲು ಬೆಲ್ಟ್ ಇರುವ ಕಾರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕೊಳ್ಳುವುದೆಲ್ಲ ಮೇ ತಿಂಗಳಲ್ಲಿಯೇ ಮುಗಿಯಲಿ. ಬಟ್ಟೆಗಳನ್ನು ಬಿಸಿಲಿನಲ್ಲಿ ಒಗೆದು ಒಣಗಿಸಿಡಲು ಅದೇ ಕೊನೆಯ ಅವಕಾಶ. ಕಾವೇರಿ ತುಂಬಿದಾಗ ನಾಪೋಕ್ಲಿನಿಂದ ಮೂರ್ನಾಡಿನ ಕಡೆಗೂ ಭಾಗಮಂಡಲದ ಕಡೆಗೂ ಹೋಗುವ ರಸ್ತೆಗಳ ಮೇಲೆ ನೀರು ಬರುವುದು ನಿಮಗೆ ತಿಳಿದೇ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಬಳಿ ಗುಡ್ಡ ಕುಸಿದು ದಾರಿಗಳೇ ಇಲ್ಲದಂತಾದದ್ದನ್ನು ನಾವ್ಯಾರೂ ಮರೆತಿಲ್ಲ. ಮಡಿಕೇರಿಯಲ್ಲಿ ಬಂಧುಗಳಿದ್ದರೆ ಹೆರಿಗೆಯ ದಿನಕ್ಕೆ ಎರಡು ವಾರ ಮೊದಲೇ ಅಲ್ಲಿಗೆ ಹೋಗಿ ಉಳಿಯುವುದು, ಹೆರಿಗೆಯ ನಂತರವೂ ಮಳೆಯ ರಭಸ ತಗ್ಗುವವರೆಗೆ ಅಲ್ಲಿಯೇ ಇರುವುದು ಒಳ್ಳೆಯದು. ಆಸ್ಪತ್ರೆಯ ಚೀಲಕ್ಕೆ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮೊದಲು ಸೇರಿಸಿ, ಬಟ್ಟೆಗಳನ್ನೂ ಹಾಗೆಯೇ ಕವರಿನಲ್ಲಿ ಕಟ್ಟಿಡಿ. 108ಕ್ಕೆ ಕರೆಮಾಡಲು ನಿಮ್ಮ ತೋಟದಲ್ಲಿ ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆಂಬುದನ್ನು ಮನೆಯವರೆಲ್ಲರಿಗೂ ತೋರಿಸಿಡಿ. ಮನೆಯಲ್ಲಿ ಯಾವ ವಾಹನವಿದೆ, ಇನ್ವರ್ಟರ್ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ತಿಳಿಸಿದರೆ ಅದಕ್ಕೆ ತಕ್ಕಂತೆ ಇನ್ನಷ್ಟು ಬರೆಯುತ್ತೇನೆ.