ಹಾಸ್ಟೆಲ್‌ನಲ್ಲಿ ಎಲ್‌ಜಿಬಿಟಿ ಜಾಗೃತಿ ಚಟುವಟಿಕೆ ನಡೆಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹಾಸ್ಟೆಲ್‌ನ ಒಂದು ಮಹಡಿಗೆ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದೀರಿ, ಈ ವರ್ಷ ಎಲ್‌ಜಿಬಿಟಿ, ಅಂದರೆ ಸಲಿಂಗಿ, ದ್ವಿಲೈಂಗಿಕ, ಟ್ರಾನ್ಸ್‌ಜೆಂಡರ್ ಸಮುದಾಯದ ಬಗ್ಗೆ ಏನಾದರೂ ಜಾಗೃತಿ ಚಟುವಟಿಕೆ ನಡೆಸಬೇಕೆಂದಿದ್ದೀರಿ. ನೀವು ಆ ಸಮುದಾಯದವರಲ್ಲ, ಜನ ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಬಂದವರು ಗೇಲಿ ಮಾಡಿದರೆ ಏನು ಗತಿ ಎಂಬ ಅಳುಕೂ ಇದೆ. ನಾನು ಹಲವು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಇಂಥ ಚಟುವಟಿಕೆಗಳನ್ನು ನಡೆಸಿದ್ದೇನೆ, ಬೇರೆಯವರು ನಡೆಸಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲ ಅಳುಕಿಗೆ ಉತ್ತರ ಸುಲಭ: ಸಮುದಾಯದವರಲ್ಲದಿದ್ದರೂ ನೀವು ಮಾಡಬಹುದು, ಮಾಡಲೇಬೇಕು. ತಮ್ಮನ್ನು ಮನುಷ್ಯರಂತೆ ನೋಡಿ ಎಂದು ಕೇಳಿಕೊಳ್ಳುವ ಹೊರೆಯನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಹಾಸ್ಟೆಲ್ ಎಂದರೆ ತರಗತಿಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ತರಗತಿಯಲ್ಲಿ ಉಪನ್ಯಾಸ ಮುಗಿದರೆ ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ. ಹಾಸ್ಟೆಲ್‌ನಲ್ಲಿ ಸಂಜೆಯ ಸಭೆಯಲ್ಲಿ ಯಾರೋ ಆಡಿದ ಮಾತು ರಾತ್ರಿ ಊಟದ ಮೇಜಿಗೆ ಬರುತ್ತದೆ, ಬೆಳಿಗ್ಗೆ ಸ್ನಾನದ ಕೋಣೆಯ ಮುಂದಿನ ಸಾಲಿಗೂ ಬರುತ್ತದೆ. ದೀಪ ಆರಿಸಿದ ಮೇಲೆ ಪಕ್ಕದ ಮಂಚದಿಂದ ಕೇಳಿಸುತ್ತದೆ. ತನ್ನ ವಿಷಯವನ್ನು ಯಾರಿಗೂ ಹೇಳಿಕೊಳ್ಳದ ವಿದ್ಯಾರ್ಥಿಗೆ ಅಲ್ಲಿಂದ ಎದ್ದು ಹೋಗಲು ಬೇರೆ ಜಾಗವೇ ಇಲ್ಲ. ಆದ್ದರಿಂದ ಯಾವ ಚಟುವಟಿಕೆಯನ್ನಾದರೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದು ಮುಗಿದ ರಾತ್ರಿ ಆ ವಿದ್ಯಾರ್ಥಿ ಹಿಂದಿನ ರಾತ್ರಿಗಿಂತ ನಿರಾಳವಾಗಿ ಮಲಗಬಲ್ಲನೇ, ಮಲಗಬಲ್ಲಳೇ? ಎಷ್ಟು ಜನ ಸೇರಿದರು, ಫೋಟೊ ಎಷ್ಟು ಚೆನ್ನಾಗಿ ಬಂತು ಎಂಬುದೆಲ್ಲ ಆಮೇಲಿನ ಮಾತು.

ಇದು ಸುಮ್ಮನೆ ಹೇಳುವ ಮಾತಲ್ಲ. 1966ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮಾರ್ಟಿನ್ ಎಂಬ ವಿದ್ಯಾರ್ಥಿ ದ್ವಿಲೈಂಗಿಕ ಎಂಬುದು ತಿಳಿದಾಗ, ಜೊತೆಗಿದ್ದವರು ಅವನೊಂದಿಗೆ ಇರಲಾರೆವೆಂದು ದೂರಿದರು. ಅವನು ಅಲ್ಲಿಂದ ಬೇರೆ ಕೊಠಡಿಗೆ ಹೋಗಬೇಕಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅವನು ಕಟ್ಟಿದ ‘ಸ್ಟೂಡೆಂಟ್ ಹೋಮೋಫೈಲ್ ಲೀಗ್’ಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಅಮೆರಿಕದಲ್ಲಿ ಹಾಗೆ ಮಾನ್ಯತೆ ಪಡೆದ ಮೊದಲ ಎಲ್‌ಜಿಬಿಟಿ ವಿದ್ಯಾರ್ಥಿ ಸಂಘ ಅದು. ಅದರ ಹಿಂದಿದ್ದದ್ದು ಒಂದು ಹಾಸ್ಟೆಲ್ ಕೊಠಡಿಯ ಜಗಳ. 2010ರ ಸೆಪ್ಟೆಂಬರ್‌ನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇನ್ನೂ ಘೋರ. 18 ವರ್ಷದ ಟೈಲರ್ ಕ್ಲೆಮೆಂಟಿ ಒಬ್ಬ ಗಂಡಸಿನ ಜೊತೆ ಕಳೆದ ಖಾಸಗಿ ಕ್ಷಣವನ್ನು ಅವನ ಕೊಠಡಿ ಸಂಗಾತಿ ವೆಬ್‌ಕ್ಯಾಮ್ ಮೂಲಕ ಕದ್ದು ನೋಡಿ, ಆ ವಿಷಯವನ್ನು ಟ್ವಿಟರ್‌ನಲ್ಲಿ ಬೇರೆ ಬರೆದ. ಕೆಲವೇ ದಿನಗಳಲ್ಲಿ ಟೈಲರ್ ಪ್ರಾಣ ಕಳೆದುಕೊಂಡ. ಅವನು ಕಾಲೇಜಿಗೆ ಬಂದು ಇನ್ನೂ ತಿಂಗಳಾಗುವ ಹೊತ್ತು. ನಿಮ್ಮ ಚಟುವಟಿಕೆಯನ್ನು ವರ್ಷದ ಕೊನೆಗೆ ತಳ್ಳಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ. ಅಪರಿಚಿತರು ಒಂದೇ ಕೊಠಡಿ ಹಂಚಿಕೊಳ್ಳುವ ಮೊದಲ ವಾರಗಳೇ ಮುಖ್ಯ.

ಮಾಡಬಾರದ ಕೆಲವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉತ್ಸಾಹದಲ್ಲಿ ಎಲ್ಲರ ಕೈಗೂ ಮೊದಲು ಸಿಗುವುದು ಅವೇ. ‘ಸಲಿಂಗ ಪ್ರೇಮ ಸರಿಯೋ ತಪ್ಪೋ’ ಎಂಬ ಚರ್ಚಾಸ್ಪರ್ಧೆ ಬೇಡ. ತಾನು ಇರುವುದೇ ತಪ್ಪು ಎಂದು ಸಹಪಾಠಿಯೊಬ್ಬ ಬಹುಮಾನಕ್ಕಾಗಿ ವಾದಿಸುವುದನ್ನು ಕುಳಿತು ಕೇಳಿ, ಕೊನೆಗೆ ಚಪ್ಪಾಳೆಯನ್ನೂ ತಟ್ಟಬೇಕಾದವರ ಸ್ಥಿತಿಯನ್ನು ಯೋಚಿಸಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಮನೆಯವರಿಗೆ ನಿಮ್ಮ ಪ್ರೀತಿಯ ವಿಷಯ ಹೇಳಲು ಹೆದರಿಕೆ ಇಲ್ಲದವರು ಒಂದು ಹೆಜ್ಜೆ ಮುಂದೆ ಬನ್ನಿ’ ಎನ್ನುವ ಆಟವೂ ಬೇಡ. ತರಬೇತಿ ಶಿಬಿರಗಳಲ್ಲಿ ಅದು ಬಹಳ ಜನಪ್ರಿಯ. ಹಾಸ್ಟೆಲ್‌ನಲ್ಲಿ ಹಾಗೆ ಮಾಡಿದರೆ ಹಿಂದೆ ಉಳಿದವರು ಯಾರೆಂದು ಇಡೀ ಮಹಡಿಗೆ ಗೊತ್ತಾಗುತ್ತದೆ; ಗೊತ್ತಾಗಬಾರದೆಂದು ಹೆಜ್ಜೆ ಮುಂದಿಟ್ಟವರು ಸುಳ್ಳು ಹೇಳಿದ ಸಂಕಟದಲ್ಲಿ ಮಲಗುತ್ತಾರೆ. ನಿಮ್ಮ ಹಾಸ್ಟೆಲ್‌ನಲ್ಲಿ ಬಹಿರಂಗವಾಗಿ ಸಲಿಂಗಿಯಾಗಿರುವ ಒಬ್ಬರೋ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಯೋ ಇದ್ದರೆ, ಅವರನ್ನೇ ವೇದಿಕೆಗೆ ಕರೆದು ‘ನಿಮ್ಮ ಕಥೆ ಹೇಳಿ’ ಎನ್ನಬೇಡಿ. ತಾವಾಗಿ ಮುಂದೆ ಬಂದರೆ ಆದರದಿಂದ ಸ್ವಾಗತಿಸಿ. ಇಲ್ಲವಾದರೆ ಹೊರಗಿನ ಸಂಘಟನೆಯೊಂದರಿಂದ, ಮಾತನಾಡಿ ಅಭ್ಯಾಸವಿರುವ ಒಬ್ಬರನ್ನು ಕರೆಸಿ. ಅವರು ಮಾತು ಮುಗಿಸಿ ತಮ್ಮ ಮನೆಗೆ ಹೋಗಬಲ್ಲರು.

ಹಾಗಾದರೆ ಏನು ಮಾಡುವುದು? ನನ್ನ ಮೊದಲ ಆಯ್ಕೆ ಪ್ರಶ್ನೆ ಪೆಟ್ಟಿಗೆ. ಕೇಳಲು ಸಾಧಾರಣ ಅನ್ನಿಸಬಹುದು, ಆದರೆ ಸರಿಯಾಗಿ ಮಾಡಿದರೆ ಇದರಷ್ಟು ಕೆಲಸ ಮಾಡುವುದು ಬೇರೊಂದಿಲ್ಲ. ಸರಿಯಾಗಿ ಎಂದರೆ ಹೀಗೆ. ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ‘ಪ್ರಶ್ನೆ ಇದ್ದವರು ಹಾಕಿ’ ಎಂದರೆ ಯಾರೂ ಹಾಕುವುದಿಲ್ಲ, ಏಕೆಂದರೆ ಅದರ ಹತ್ತಿರ ಹೋಗುವುದೇ ಒಂದು ಸುದ್ದಿಯಾಗುತ್ತದೆ. ಮಹಡಿಯ ಮಾಮೂಲಿ ಸಭೆಗೆ, ಅಂದರೆ ನೀರು, ಶುಚಿತ್ವ, ಗಲಾಟೆಯ ವಿಷಯ ಮಾತನಾಡುವ ಅದೇ ಸಭೆಗೆ ಎಲ್ಲರೂ ಬಂದಿರುವಾಗ, ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ. ಪ್ರಶ್ನೆ ಇದ್ದವರು ಪ್ರಶ್ನೆ ಬರೆಯಲಿ, ಇಲ್ಲದವರು ಬೆಳಗಿನಿಂದ ಏನೇನು ಮಾಡಿದಿರೆಂದು ಎರಡು ಸಾಲು ಬರೆಯಲಿ. ಎಲ್ಲರ ಕೈಯೂ ಅಷ್ಟೇ ಹೊತ್ತು ಓಡಬೇಕು, ಎಲ್ಲರ ಚೀಟಿಯೂ ಮಡಚಿ ಪೆಟ್ಟಿಗೆಗೆ ಬೀಳಬೇಕು. ಚೀಟಿಗಳನ್ನು ಅಲ್ಲೇ ತೆರೆಯಬೇಡಿ. ಕೊಠಡಿಗೆ ಒಯ್ದು ಓದಿ, ಯಾರದೆಂದು ಗುರುತು ಸಿಗುವಂತಿದ್ದರೆ ವಾಕ್ಯ ಬದಲಿಸಿ ಬರೆದುಕೊಂಡು ಮೂಲ ಚೀಟಿ ಹರಿದುಹಾಕಿ. ಉತ್ತರ ಮುಂದಿನ ವಾರದ ಸಭೆಯಲ್ಲಿ.

ಬರುವ ಪ್ರಶ್ನೆಗಳು ನಿಮ್ಮ ಕಣ್ಣು ತೆರೆಸುತ್ತವೆ. ‘ಇದು ಕಾಯಿಲೆಯೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನೇರವಾಗಿ ಉತ್ತರಿಸಿ: ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗ ಆಕರ್ಷಣೆಯನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದವು. 2019ರಲ್ಲಿ ಒಪ್ಪಿಗೆ ಪಡೆದು 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದೂ ಮಾನಸಿಕ ಕಾಯಿಲೆಯಲ್ಲ. ಇಷ್ಟು ಸಾಕು, ಇದಕ್ಕಿಂತ ಉದ್ದದ ಉಪನ್ಯಾಸ ಬೇಡ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಬಗೆಯ ಪ್ರಶ್ನೆಗಳು. ‘ನನ್ನ ಕೊಠಡಿಯವನು ಹಾಗಿರಬಹುದು ಅನ್ನಿಸುತ್ತದೆ, ಕೇಳಿಬಿಡಲೇ?’ ಎಂದು ಒಬ್ಬರು ಬರೆದಿರುತ್ತಾರೆ. ಅದರಲ್ಲಿ ಕೇಡಿನ ಬುದ್ಧಿ ಇರುವುದಿಲ್ಲ, ಎಷ್ಟೋ ಸಲ ಅಕ್ಕರೆಯೇ ಇರುತ್ತದೆ. ಆದರೂ ಉತ್ತರ ‘ಕೇಳಬೇಡಿ’ ಎಂದೇ. ಹೇಳುವುದು ಅವನ ಹಕ್ಕು, ಯಾವಾಗ ಹೇಳಬೇಕೆಂಬುದೂ ಅವನ ಹಕ್ಕು. ಹೇಳಿದರೆ ನಂಬಬಹುದಾದ ಮನುಷ್ಯ ನೀವು ಎಂಬುದು ನಿಮ್ಮ ದಿನನಿತ್ಯದ ಮಾತಿನಲ್ಲಿ ಅವನಿಗೆ ಕಾಣಲಿ. ಈ ಒಂದು ಉತ್ತರವನ್ನು ಇಡೀ ಮಹಡಿಯ ಮುಂದೆ ಗಟ್ಟಿಯಾಗಿ ಓದಿದರೆ, ಆ ‘ಅವನು’ ಯಾರೇ ಆಗಿದ್ದರೂ ಅಲ್ಲೇ ಕುಳಿತು ಕೇಳಿಸಿಕೊಂಡಿರುತ್ತಾನೆ.

ಎರಡನೆಯದು, ಪಕ್ಕದಲ್ಲಿ ನಿಂತವರ ಬಾಯಿಗೆ ಮಾತು ಕೊಡುವ ಅಭ್ಯಾಸ. ಹಾಸ್ಟೆಲ್‌ನಲ್ಲಿ ಹೊಡೆದಾಟಕ್ಕಿಂತ ಹೆಚ್ಚು ನೋವು ಕೊಡುವುದು ತಮಾಷೆಯ ಹೆಸರಿನಲ್ಲಿ ಹಾರುವ ಮಾತು: ಒಬ್ಬನ ನಡಿಗೆಯ ಅಣಕ, ಇಬ್ಬರು ಗೆಳತಿಯರ ಬಗ್ಗೆ ಒಂದು ಕೊಂಕು. ಸುತ್ತ ಇದ್ದವರಲ್ಲಿ ಹೆಚ್ಚಿನವರಿಗೆ ಅದು ಇಷ್ಟವಾಗಿರುವುದಿಲ್ಲ, ಆದರೆ ಆ ಕ್ಷಣಕ್ಕೆ ಏನು ಹೇಳಬೇಕೆಂದು ತೋಚದೆ ನಕ್ಕುಬಿಡುತ್ತಾರೆ. ಮೂರು ಮೂರು ಜನರ ಗುಂಪು ಮಾಡಿ. ಒಬ್ಬರು ಆ ಮಾತು ಆಡಲಿ, ಒಬ್ಬರು ಪಕ್ಕದಲ್ಲಿ ನಿಂತವರಾಗಲಿ, ಮೂರನೆಯವರು ಗಮನಿಸಲಿ. ಗೇಲಿಗೆ ಗುರಿಯಾದವರ ಪಾತ್ರವನ್ನು ಯಾರಿಗೂ ಕೊಡಬೇಡಿ, ಆ ವ್ಯಕ್ತಿ ಅಲ್ಲಿಲ್ಲ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ನಿಂತವರು ದೊಡ್ಡ ಭಾಷಣ ಮಾಡಬೇಕಿಲ್ಲ. ‘ಇದರಲ್ಲಿ ನಗುವಂಥದ್ದು ಏನಿದೆ?’ ಎಂದರೆ ಸಾಕು. ‘ಅವನು ನನ್ನ ಸ್ನೇಹಿತ, ಬಿಡು’ ಎಂದರೂ ಸಾಕು. ಏನೂ ತೋಚದಿದ್ದರೆ ನಗದೆ ಸುಮ್ಮನಿದ್ದು ಮಾತು ಬೇರೆ ಕಡೆಗೆ ತಿರುಗಿಸಿದರೂ ಸಾಕು. ಅದನ್ನೇ ನಾಲ್ಕೈದು ಸಲ ಬಾಯಿಬಿಟ್ಟು ಹೇಳಿಸಿ. ಮನಸ್ಸಿನಲ್ಲಿ ಅಂದುಕೊಂಡ ಮಾತು ಹೊತ್ತಿಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ಒಮ್ಮೆ ನಾಲಿಗೆಗೆ ಪಳಗಿದ್ದು ಬರುತ್ತದೆ. ಆ ಸಂಜೆ ಮೊದಲ ಸುತ್ತಿನಲ್ಲಿ ಎಲ್ಲರೂ ಸಂಕೋಚದಿಂದ ನಗುತ್ತಾರೆ, ಅದನ್ನು ಗೇಲಿ ಎಂದುಕೊಂಡು ಗದರಬೇಡಿ. ಮೂರನೆಯ ಸುತ್ತಿಗೆ ದನಿ ಬದಲಾಗಿರುತ್ತದೆ.

ಇದಕ್ಕೆಲ್ಲ ಫಲವಿದೆಯೇ ಎಂಬ ಅನುಮಾನ ಬಂದಾಗ ನಾನು ನೆನಪಿಸಿಕೊಳ್ಳುವ ಒಂದು ಸಂಶೋಧನೆಯಿದೆ. ಬೇರೆ ಬೇರೆ ಗುಂಪಿನವರು ಸಮಾನ ಸ್ಥಾನದಲ್ಲಿ, ಒಂದೇ ಗುರಿಗಾಗಿ, ಜೊತೆಯಾಗಿ ಕೆಲಸ ಮಾಡಿದರೆ, ಮೇಲಿನವರ ಬೆಂಬಲವೂ ಇದ್ದರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಹೇಳಿದ್ದರು. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಇಂಥ ಒಡನಾಟದಿಂದ ಪೂರ್ವಗ್ರಹ ತಗ್ಗುವುದು ನಿಜ ಎಂದು ಕಂಡಿತು. ಒಂದೇ ಛಾವಣಿ, ಒಂದೇ ಪರೀಕ್ಷೆ, ಒಂದೇ ನೀರಿನ ತೊಂದರೆ ಇರುವ ಹಾಸ್ಟೆಲ್‌ನಲ್ಲಿ ಆ ಷರತ್ತುಗಳಲ್ಲಿ ಬಹುಪಾಲು ಆಗಲೇ ಇವೆ. ಇಲ್ಲದಿರುವುದು ಸಾಮಾನ್ಯವಾಗಿ ಕೊನೆಯದು, ಮೇಲಿನವರ ಬೆಂಬಲ. ಹಾಗಾಗಿ ವಾರ್ಡನ್ ಅನುಮತಿ ಕೊಟ್ಟರೆ ಸಾಲದು, ಸಭೆಗೆ ಬಂದು ಎಲ್ಲರ ಮುಂದೆ ಎರಡು ಮಾತು ಹೇಳಬೇಕು. ‘ಈ ಹಾಸ್ಟೆಲ್‌ನಲ್ಲಿ ಈ ಕಾರಣಕ್ಕೆ ಯಾರನ್ನಾದರೂ ಕಾಡಿದರೆ ನಾನು ಸುಮ್ಮನಿರುವುದಿಲ್ಲ’ ಎಂದು ಅವರ ಬಾಯಿಂದಲೇ ಬರಲಿ. ಅದಕ್ಕಾಗಿ ಅವರನ್ನು ಬಿಡದೆ ಬೆನ್ನುಹತ್ತಿ.

ಉಳಿದ ಪ್ರತಿನಿಧಿಗಳ ತರಬೇತಿಯನ್ನು ಮರೆಯಬೇಡಿ. ಚಟುವಟಿಕೆ ಚೆನ್ನಾಗಿ ನಡೆದರೆ ಯಾರಾದರೂ ಒಬ್ಬರು ರಾತ್ರಿ ಬಾಗಿಲು ತಟ್ಟಿ ತಮ್ಮ ವಿಷಯ ಹೇಳಿಕೊಳ್ಳಬಹುದು. ಆಗ ಹೇಳಬೇಕಾದ್ದು: ನನ್ನಲ್ಲಿ ಹೇಳಿದ್ದಕ್ಕೆ ಸಂತೋಷ, ಇದನ್ನು ನಾನು ಯಾರಿಗೂ ಹೇಳುವುದಿಲ್ಲ, ನಿನಗೆ ಏನಾದರೂ ಸಹಾಯ ಬೇಕೇ? ‘ಖಚಿತವೇ?’ ಎಂದು ಕೇಳಬಾರದು, ‘ಮನೆಯವರಿಗೆ ಹೇಳಿಬಿಡು’ ಎಂದು ದುಡುಕಬಾರದು. ಮನೆಯಲ್ಲಿ ಏನಾದೀತೆಂಬುದು ಅವರಿಗೆ ಮಾತ್ರ ಗೊತ್ತು. ಗುಟ್ಟು ಕಾಯುವುದಕ್ಕೆ ಒಂದೇ ವಿನಾಯಿತಿ: ಸಾಯುವ ಮಾತು ಬಂದರೆ, ಆಗ ಒಬ್ಬರೇ ಹೊರಬೇಡಿ, ಅವರನ್ನು ಒಂಟಿಯಾಗಿ ಬಿಡದೆ ಆಪ್ತಸಮಾಲೋಚಕರನ್ನು ಕರೆಯಿರಿ. ಆಗಲೂ ಜೀವಕ್ಕೆ ಅಪಾಯವಿದೆ ಎಂದಷ್ಟೇ ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳಿಕೊಳ್ಳಲಿ. ಆಪ್ತಸಮಾಲೋಚಕರ ಜೊತೆ ಮೊದಲೇ ಮಾತನಾಡಿ, ಅವರು ‘ಸರಿಪಡಿಸುತ್ತೇನೆ’ ಎನ್ನುವ ಪೈಕಿ ಅಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರ ಹೆಸರನ್ನು ಸೂಚನಾ ಫಲಕಕ್ಕೆ ಹಾಕಿ.

ಪೋಸ್ಟರ್, ಚಲನಚಿತ್ರ ಪ್ರದರ್ಶನ ಎಲ್ಲ ಸರಿ, ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪೋಸ್ಟರ್ ಹರಿಯುತ್ತಾರೆ ಎಂದುಕೊಂಡೇ ಹೆಚ್ಚಿನ ಪ್ರತಿ ಮುದ್ರಿಸಿಟ್ಟುಕೊಳ್ಳಿ, ಹರಿದ ಗಂಟೆಯೊಳಗೆ ಅದೇ ಜಾಗದಲ್ಲಿ ಹೊಸದನ್ನು ಅಂಟಿಸಿ. ಹರಿದ ಪೋಸ್ಟರ್ ಗೋಡೆಯ ಮೇಲೆ ನೇತಾಡುತ್ತಿರುವಷ್ಟು ಹೊತ್ತೂ ಅದು ಬೇರೆಯದೇ ಸಂದೇಶ ಕೊಡುತ್ತಿರುತ್ತದೆ. ವರ್ಷವಿಡೀ ವಿಷಯ ಬದುಕಿರಲು ಕೆಲವು ದಿನಗಳನ್ನು ಬಳಸಿಕೊಳ್ಳಿ: ನಾನು ಮೇಲೆ ಹೇಳಿದ ಮೇ 17 ಇದೆ, ಕೊಲೆಯಾದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು 1999ರಿಂದ ನೆನೆಯುತ್ತ ಬಂದಿರುವ ನವೆಂಬರ್ 20 ಇದೆ.

ಒಪ್ಪದವರು ಇದ್ದೇ ಇರುತ್ತಾರೆ, ಹಲವರಿಗೆ ಅದು ನಂಬಿಕೆಯ ಪ್ರಶ್ನೆ. ಅವರ ನಂಬಿಕೆ ಬದಲಿಸುವ ಗುರಿ ಇಟ್ಟುಕೊಳ್ಳಬೇಡಿ, ಹಾಸ್ಟೆಲ್‌ನ ನಡವಳಿಕೆಯ ಬಗ್ಗೆ ಮಾತ್ರ ಮಾತನಾಡಿ. ಕೊಠಡಿ ಸಂಗಾತಿಯ ಫೋನ್ ನೋಡಬಾರದು, ಅವರ ಬಗ್ಗೆ ಗಾಳಿಮಾತು ಹರಡಬಾರದು, ಅವರು ಹೇಳಿದ ಹೆಸರಿನಿಂದಲೇ ಕರೆಯಬೇಕು. ಇಷ್ಟಕ್ಕೆ ಯಾವ ನಂಬಿಕೆಯೂ ಅಡ್ಡ ಬರಬೇಕಿಲ್ಲ. ಹೆಸರಿನ ಮಾತು ಬಂದದ್ದರಿಂದ ಒಂದು ಚಿಕ್ಕ ಕೆಲಸ: ಕೊಠಡಿಯ ಬಾಗಿಲಿಗೆ ಹೆಸರಿನ ಚೀಟಿ ಅಂಟಿಸುವ ಪದ್ಧತಿ ಇದ್ದರೆ, ದಾಖಲೆಯಿಂದ ನಕಲು ಮಾಡದೆ ‘ನಿಮ್ಮ ಹೆಸರು ಹೇಗೆ ಬರೆಯಲಿ?’ ಎಂದು ಪ್ರತಿಯೊಬ್ಬರನ್ನೂ ಕೇಳಿ ಬರೆಯಿರಿ. ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಯೊಬ್ಬರಿಗೆ ಅದು ವರ್ಷವಿಡೀ ನೆಮ್ಮದಿ ಕೊಡುತ್ತದೆ, ಉಳಿದವರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಇನ್ನು ಜನ ಬರದಿದ್ದರೆ ಎಂಬ ಪ್ರಶ್ನೆ. ಪ್ರತ್ಯೇಕ ಕಾರ್ಯಕ್ರಮ ಇಟ್ಟರೆ ಬರುವುದು ಕಡಿಮೆಯೇ. ‘ಎಲ್‌ಜಿಬಿಟಿ ಸಂಜೆ’ ಎಂದು ಬರೆದ ಬಾಗಿಲನ್ನು ದಾಟಲು ತೀರಾ ಅಗತ್ಯವಿರುವವರೇ ಹಿಂಜರಿಯುತ್ತಾರೆ. ಆದ್ದರಿಂದಲೇ ಪ್ರಶ್ನೆ ಪೆಟ್ಟಿಗೆಯನ್ನೂ ಮಾತಿನ ಅಭ್ಯಾಸವನ್ನೂ ಎಲ್ಲರೂ ಬರಲೇಬೇಕಾದ ಮಹಡಿ ಸಭೆಯೊಳಗೇ ಸೇರಿಸಿ ಎಂದದ್ದು. ಎಲ್ಲರೂ ಇರುವಲ್ಲಿ ಇರುವುದರಿಂದ ಯಾರ ಬಗ್ಗೆಯೂ ಏನೂ ಗೊತ್ತಾಗುವುದಿಲ್ಲ. ನಿಮ್ಮ ಮಹಡಿಯಲ್ಲಿ ಎಷ್ಟು ಜನರಿದ್ದಾರೆ, ಒಂದು ಕೊಠಡಿಯಲ್ಲಿ ಎಷ್ಟು ಮಂದಿ, ಸಭೆಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ತಿಳಿಸಿದರೆ, ಮಾತಿನ ಅಭ್ಯಾಸಕ್ಕೆ ಹೊಂದುವ ಸನ್ನಿವೇಶಗಳನ್ನು ನಾನೇ ಬರೆದುಕೊಡುತ್ತೇನೆ.